ಸುಲಿಗೆ, ಕೊಲೆ, ಒಳಸಂಚು: ಮೇಲ್ಮನವಿಯಲ್ಲಿ ಅಪರಾಧ ಸಾಬೀತು ಮಾಡುವುದು ಹೇಗೆ

ಸುಲಿಗೆಗೆ ಬಂದವರು ಮನೆಯವರನ್ನೇ ಕೊಂದರು ಅನ್ನೋ ಕೇಸು ಹೈಕೋರ್ಟಿಗೆ ಬಂದಾಗ ಸರ್ಕಾರದ ಪರ ವಾದಿಸುವವರು ಜಾಸ್ತಿ ಎಡವುವುದು ಒಂದೇ ಕಡೆ. "ಎಲ್ಲರೂ ಸೇರಿ ಮಾಡಿದ್ದು ಸ್ವಾಮಿ" ಅಂತ ಆರೋಪಿಗಳನ್ನೆಲ್ಲ ಒಂದೇ ಮೂಟೆಗೆ ಕಟ್ಟಿಬಿಡುತ್ತಾರೆ. ಪೀಠ ಕೇಳುವುದೇ ಬೇರೆ. ಎ-3, ಅಂದರೆ ಮೂರನೇ ಆರೋಪಿ ಮೇಲೆ ಏನಿದೆ? ಯಾವ ಸಾಕ್ಷಿ, ಯಾವ ಪುಟ? ಅಲ್ಲಿ ತಡವರಿಸಿದರೆ ಎ-1 ಮೇಲಿನ ಗಟ್ಟಿ ಕೇಸೂ ಸಡಿಲವಾಗಿ ಕಾಣತೊಡಗುತ್ತದೆ.

ಹಾಗಾಗಿ ಮೊದಲು ಒಂದು ದೊಡ್ಡ ಹಾಳೆ ತಗೊಳ್ಳಿ. ಎಡಗಡೆ ಆರೋಪಿಗಳು, ಮೇಲೆ ಮೂರು ಕಾಲಂ: ಒಳಸಂಚು, ಸುಲಿಗೆ, ಕೊಲೆ. ಪ್ರತಿ ಚೌಕದಲ್ಲಿ ಸಾಕ್ಷಿ ಸಂಖ್ಯೆ, ದಾಖಲೆ ಸಂಖ್ಯೆ, ಪುಟ ಬರೆಯಿರಿ. ಯಾವ ಚೌಕ ಖಾಲಿ ಉಳಿಯುತ್ತದೋ ಎದುರು ವಕೀಲರು ಅಲ್ಲಿಂದಲೇ ಶುರು ಮಾಡುತ್ತಾರೆ.

ಕಲಮುಗಳ ವಿಷಯ ಬೇಗ ಮುಗಿಸೋಣ. ಕೃತ್ಯ ನಡೆದದ್ದು 2024ರ ಜುಲೈ 1ಕ್ಕಿಂತ ಮೊದಲಾದರೆ ಭಾರತೀಯ ದಂಡ ಸಂಹಿತೆ: ಒಳಸಂಚಿಗೆ 120ಬಿ, ಕೊಲೆಗೆ 302, ಸುಲಿಗೆಗೆ 392. ಅಂದು ಅಥವಾ ಆಮೇಲೆ ನಡೆದದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 61, 103, 309. ಎರಡನ್ನೂ ಕಲಸಬೇಡಿ. ಇಲ್ಲಿ ಹಳೆಯ ಸಂಖ್ಯೆಗಳನ್ನೇ ಬಳಸುತ್ತೇನೆ, ಈಗ ಮೇಲ್ಮನವಿಯಲ್ಲಿರುವ ಕೇಸುಗಳಲ್ಲಿ ಅವೇ ಜಾಸ್ತಿ.

ಒಳಸಂಚು ಅಂದರೆ ಅಪರಾಧ ಮಾಡೋಣ ಅಂತ ಇಬ್ಬರು ಅಥವಾ ಹೆಚ್ಚು ಜನ ಒಪ್ಪಿಕೊಳ್ಳುವುದು. ಆ ಒಪ್ಪಂದವೇ ಅಪರಾಧ. ಇದನ್ನು ಕಣ್ಣಾರೆ ಕಂಡವರು ಸಿಗುವುದು ಅಪರೂಪ, ಅದಕ್ಕೇ ಮೊದಲು, ಆಗ, ಆಮೇಲೆ ಅವರು ಹೇಗೆ ನಡೆದುಕೊಂಡರು ಅನ್ನುವುದರಿಂದ ಊಹಿಸಬೇಕು. ಆದರೆ ಊಹೆಗೂ ನೆಲೆ ಬೇಕಲ್ವಾ? ನಾಲ್ವರು ಸ್ನೇಹಿತರು, ದಿನಾ ಫೋನ್ ಮಾಡುತ್ತಿದ್ದರು ಅಂದರೆ ಅವರು ಸ್ನೇಹಿತರು ಅಂತ ಮಾತ್ರ ಸಾಬೀತಾಯಿತು. ಕರೆ ವಿವರದಲ್ಲಿ ಯಾರು ಯಾರಿಗೆ ಯಾವಾಗ ಕರೆ ಮಾಡಿದರು ಅಂತ ಇರುತ್ತದೆ, ಏನು ಮಾತಾಡಿದರು ಅಂತ ಇರುವುದಿಲ್ಲ. ಅದೇ ಕರೆಗಳು ಕೊಲೆಯ ಹಿಂದಿನ ರಾತ್ರಿ ಒಮ್ಮೆಲೇ ಜಾಸ್ತಿಯಾಗಿ, ಕೃತ್ಯದ ಹೊತ್ತಿಗೆ ಎಲ್ಲ ಫೋನೂ ಒಟ್ಟಿಗೆ ಆಫ್ ಆಗಿ, ಎರಡು ದಿನ ಮೊದಲು ಒಬ್ಬ ಆ ಬೀದಿಯಲ್ಲಿ ಸುತ್ತಾಡಿದ್ದನ್ನು ಪಕ್ಕದ ಮನೆಯವರು ನೋಡಿ, ಇನ್ನೊಬ್ಬ ಮಚ್ಚು ಕೊಂಡ ಅಂಗಡಿಯವನು ಕೋರ್ಟಿನಲ್ಲಿ ಗುರುತಿಸಿದ್ದರೆ, ಆಗ ಒಳಸಂಚು ಅನ್ನಲು ಒಂದು ಆಕಾರ ಬರುತ್ತದೆ.

ಇನ್ನೊಂದು ಸೂಕ್ಷ್ಮ. ಸುಲಿಗೆಗೆ ಒಪ್ಪಿದವನು ಕೊಲೆಗೂ ಒಪ್ಪಿದ ಅಂತ ತಾನಾಗಿ ಆಗುವುದಿಲ್ಲ. ಹೊರಗೆ ಕಾರಿನಲ್ಲಿ ಕೂತಿದ್ದ ಚಾಲಕನಿಗೆ ಒಳಗೆ ಆಯುಧ ಹೋಗಿದ್ದು ಗೊತ್ತಿತ್ತಾ? ಉತ್ತರ ಕಡತದಲ್ಲಿ ಇಲ್ಲದಿದ್ದರೆ 302 ಅವನಿಗೆ ಅಂಟಿಸುವುದು ಕಷ್ಟ. ಸುಲಿಗೆಯಲ್ಲಿ ಗಾಯ ಮಾಡುವ 394 ಜೊತೆಗಿದ್ದವರನ್ನೂ ಹಿಡಿಯುತ್ತದೆ. ಮಾರಕ ಆಯುಧದ 397 ಅದನ್ನು ಬಳಸಿದವನಿಗೆ ಮಾತ್ರ. ಐದು ಅಥವಾ ಹೆಚ್ಚು ಜನ ಇದ್ದರೆ ಅದು ಡಕಾಯಿತಿ, ಆಗ 396ರಲ್ಲಿ ಒಬ್ಬ ಕೊಂದರೂ ಎಲ್ಲರೂ ಹೊಣೆ. ಹಾಗಾಗಿ ತಲೆ ಎಣಿಸಿ. ಐವರಲ್ಲಿ ಇಬ್ಬರು ಖುಲಾಸೆಯಾಗಿ, ಸಿಕ್ಕದ ಬೇರೆಯವರೂ ಇದ್ದರು ಅನ್ನಲು ಸಾಕ್ಷ್ಯ ಇಲ್ಲದಿದ್ದರೆ ಆ ಕಲಮು ನಿಲ್ಲುವುದಿಲ್ಲ.

ಒಬ್ಬನ ಮಾತನ್ನು ಇನ್ನೊಬ್ಬನ ಮೇಲೆ ಹಾಕಲು ಸಾಕ್ಷ್ಯ ಅಧಿನಿಯಮದ 10ನೇ ಕಲಮು ಬಳಸುತ್ತಾರೆ. ಮೊದಲು ಸಂಚು ಇತ್ತು ಅಂತ ನಂಬಲು ಬೇರೆ ಕಾರಣ ಬೇಕು, ಮಾತೂ ಸಂಚು ಜೀವಂತ ಇದ್ದಾಗ ಆಡಿದ್ದಾಗಿರಬೇಕು. ಸಿಕ್ಕಿಬಿದ್ದ ಮೇಲೆ ಹೇಳಿದ್ದು ಇದರಲ್ಲಿ ಬರುವುದಿಲ್ಲ. ಇದನ್ನು 1940ರಲ್ಲೇ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು) ಮಿರ್ಜಾ ಅಕ್ಬರ್ ಪ್ರಕರಣದಲ್ಲಿ ಹೇಳಿದೆ, ಆದರೂ ಠಾಣೆಯ ಸ್ವಇಚ್ಛಾ ಹೇಳಿಕೆಯನ್ನೇ ಹಿಡಿದು ವಾದಿಸುವವರಿಗೆ ಕಡಿಮೆ ಇಲ್ಲ.

ಇಂಥ ಕೇಸುಗಳು ಕೊನೆಗೆ ನಿಲ್ಲುವುದು, ಬೀಳುವುದು ವಶಪಡಿಸಿಕೊಂಡ ಮಾಲಿನ ಮೇಲೆ. ಸಾಕ್ಷ್ಯ ಅಧಿನಿಯಮದ 27ನೇ ಕಲಮಿನಲ್ಲಿ, ಆರೋಪಿ ಪೊಲೀಸರಿಗೆ ಕೊಟ್ಟ ಹೇಳಿಕೆಯ ಎಷ್ಟು ಭಾಗ ವಸ್ತು ಸಿಗಲು ಕಾರಣವಾಯಿತೋ ಅಷ್ಟೇ ಒಳಗೆ ಬರುತ್ತದೆ. "ಸರ ಬಾವಿಕಟ್ಟೆ ಹಿಂದೆ ಹೂತಿದ್ದೇನೆ, ತೋರಿಸುತ್ತೇನೆ" ಬರುತ್ತದೆ. "ಅಜ್ಜಿಯನ್ನು ಕೊಂದು ಕಿತ್ತುಕೊಂಡೆ" ಬರುವುದಿಲ್ಲ. 1947ರಲ್ಲಿ ವರದಿಯಾದ ಪುಲುಕುರಿ ಕೊಟ್ಟಾಯ ತೀರ್ಪಿನಿಂದ ಇದು ನಡೆದು ಬಂದ ನಿಯಮ. ಅಧೀನ ನ್ಯಾಯಾಲಯ ಇಡೀ ಹೇಳಿಕೆಯನ್ನು ದಾಖಲೆಯಾಗಿ ಗುರುತು ಮಾಡಿಕೊಂಡಿದ್ದರೆ ಮೊದಲು ನೀವೇ ಅದನ್ನು ಕತ್ತರಿಸಿ, ಉಳಿದದ್ದರಲ್ಲಿ ಕೇಸು ನಿಲ್ಲುತ್ತದಾ ನೋಡಿ. ಎದುರಿನವರು ಕತ್ತರಿಸುವ ತನಕ ಕಾಯಬೇಡಿ.

ಆಮೇಲೆ ಮಹಜರು. ಬಂಧನ ಎಷ್ಟು ಗಂಟೆಗೆ, ಹೇಳಿಕೆ ಎಷ್ಟಕ್ಕೆ, ಸ್ಥಳಕ್ಕೆ ಹೋದದ್ದು ಎಷ್ಟಕ್ಕೆ? ಪಂಚರು ಉಲ್ಟಾ ಹೊಡೆದಿದ್ದಾರಾ? ಹೊಡೆದಿದ್ದರೂ ತನಿಖಾಧಿಕಾರಿಯ ಸಾಕ್ಷ್ಯ ನಂಬಲು ಯೋಗ್ಯವಾಗಿದ್ದರೆ ವಶಪಡಿಸಿಕೊಂಡದ್ದು ಉಳಿಯಬಹುದು. ಮಾಲು ಸಿಕ್ಕ ಜಾಗ ಯಾರು ಬೇಕಾದರೂ ಹೋಗುವಂಥದ್ದಾ? ಸೀಲ್ ಮಾಡಿದ್ದಾರಾ? ಒಡವೆಯನ್ನು ಅದೇ ತರಹದ ಬೇರೆ ಒಡವೆಗಳ ಜೊತೆ ಇಟ್ಟು ಮನೆಯವರಿಂದ ಗುರುತಿಸಿದ್ದಾರಾ, ಸುಮ್ನೆ ಠಾಣೆಗೆ ಕರೆಸಿ "ಇದೇನಾ?" ಅಂದರಾ?

ಮಾಲು ಸಿಕ್ಕ ಮಾತ್ರಕ್ಕೆ ಕೊಲೆಗಾರ ಅಂತಲೂ ಅಲ್ಲ. ಕಳವಾದ ಕೂಡಲೇ ಮಾಲು ಯಾರ ಹತ್ತಿರ ಇರುತ್ತದೋ ಅವನು ಕಳ್ಳ ಅಥವಾ ಗೊತ್ತಿದ್ದೂ ಇಟ್ಟುಕೊಂಡವನು ಅಂತ ಅದೇ ಅಧಿನಿಯಮದ 114ನೇ ಕಲಮಿನಲ್ಲಿ ಊಹಿಸಬಹುದು. ಸುಲಿಗೆ ಮತ್ತು ಕೊಲೆ ಒಂದೇ ಘಟನೆಯ ಭಾಗ, ದಿನಗಳ ಅಂತರ ತೀರಾ ಕಡಿಮೆ, ಆರೋಪಿಯ ಹತ್ತಿರ ವಿವರಣೆಯೂ ಇಲ್ಲ ಅಂದಾಗ ಆ ಊಹೆಯನ್ನು ಕೊಲೆಯವರೆಗೂ ಎಳೆಯಬಹುದು, 1995ರ ಗುಲಾಬ್ ಚಂದ್ ತೀರ್ಪು ಈ ದಾರಿ ತೋರಿಸುತ್ತದೆ. ತಿಂಗಳುಗಟ್ಟಲೆ ಕಳೆದು ಸಿಕ್ಕರೆ ಬಹುಶಃ 411ಕ್ಕೆ, ಅಂದರೆ ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡ ಅಪರಾಧಕ್ಕೆ ಇಳಿಯಬೇಕಾಗುತ್ತದೆ.

ಸಿಸಿಟಿವಿ ನಂಬಿ ಕೂತಿದ್ದರೆ ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯ ನಕಲಿಗೆ ಕೊಡುವಂಥದ್ದು) ಇದೆಯಾ ನೋಡಿ. ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಅದು ಬೇಕೇ ಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಹೇಳಿದೆ. ಗುರುತು ಪತ್ತೆ ಪರೇಡಿಗೆ ಮೊದಲೇ ಸಾಕ್ಷಿಗೆ ಫೋಟೋ ತೋರಿಸಿದ್ದರೆ ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ದಂಡ ಪ್ರಕ್ರಿಯಾ ಸಂಹಿತೆಯ 313ರಲ್ಲಿ ನ್ಯಾಯಾಧೀಶರು ಆರೋಪಿಯನ್ನು ಪ್ರಶ್ನಿಸಿ ಬರೆದುಕೊಂಡ ಹೇಳಿಕೆಯನ್ನೂ ಸಾಲು ಸಾಲಾಗಿ ಓದಿ, ಯಾವ ಸಂಗತಿಯನ್ನು ಆರೋಪಿಗೆ ಕೇಳಿಲ್ಲವೋ ಅದನ್ನು ಅವನ ವಿರುದ್ಧ ಬಳಸಲು ಹೋದರೆ ಅಲ್ಲೇ ತಡೆ ಬೀಳುತ್ತದೆ.

ಇನ್ನು ಯಾವ ಮೇಲ್ಮನವಿ ಅನ್ನೋದು. ಶಿಕ್ಷೆಯ ವಿರುದ್ಧ ಆರೋಪಿ ಬಂದಿದ್ದರೆ ಸಾಕ್ಷ್ಯವನ್ನೆಲ್ಲ ಹೊಸದಾಗಿ ತೂಗಲಾಗುತ್ತದೆ, 1984ರ ಶರದ್ ಸಾರ್ದಾ ತೀರ್ಪಿನ ಐದು ಸೂತ್ರಗಳನ್ನು ನಿಮ್ಮ ಹಾಳೆಯ ಪಕ್ಕ ಇಟ್ಟುಕೊಳ್ಳಿ. ಅವುಗಳ ಸಾರ ಇಷ್ಟು: ಪ್ರತಿ ಸಂಗತಿ ಪೂರ್ತಿ ಸಾಬೀತಾಗಬೇಕು, ಸರಪಳಿ ಎಲ್ಲೂ ಕಡಿಯಬಾರದು, ಬೇರೆ ಯಾವ ವಿವರಣೆಗೂ ಜಾಗ ಇರಬಾರದು. ಖುಲಾಸೆಯ ವಿರುದ್ಧ ಸರ್ಕಾರ ಹೋಗಿದ್ದರೆ ದಾರಿ ಇನ್ನೂ ಕಡಿದು. 2007ರ ಚಂದ್ರಪ್ಪ ತೀರ್ಪಿನ ಪ್ರಕಾರ ಎರಡು ಅಭಿಪ್ರಾಯ ಸಾಧ್ಯವಿದ್ದರೆ ಖುಲಾಸೆ ಉಳಿಯುತ್ತದೆ. ನಮ್ಮದೂ ಒಂದು ವಾದ ಇದೆ ಅಂದರೆ ಸಾಲದು. ಯಾವ ಸಾಕ್ಷ್ಯವನ್ನು ನ್ಯಾಯಾಧೀಶರು ಓದಲೇ ಇಲ್ಲ, ಯಾವುದನ್ನು ತಪ್ಪಾಗಿ ಓದಿದರು ಅಂತ ಬೆರಳಿಟ್ಟು ತೋರಿಸಬೇಕು.

ಅವಧಿ ನೆನಪಿರಲಿ: ಹೈಕೋರ್ಟಿಗೆ ಶಿಕ್ಷೆಯ ವಿರುದ್ಧ 60 ದಿನ, ಮರಣದಂಡನೆಯಾದರೆ 30, ಖುಲಾಸೆಯ ವಿರುದ್ಧ ಸರ್ಕಾರಕ್ಕೆ 90. ಲಿಖಿತ ವಾದದ ಕೊನೆಯಲ್ಲಿ ಪರ್ಯಾಯ ಕೋರಿಕೆ ಸೇರಿಸಿ, ಪ್ರತಿ ಆರೋಪಿಗೂ ಬೇರೆ ಬೇರೆಯಾಗಿ. ಎ-1ಕ್ಕೆ 302 ನಿಲ್ಲದಿದ್ದರೆ 394, ಮಾಲು ಮಾತ್ರ ಸಿಕ್ಕಿರುವ ಎ-4ಕ್ಕೆ 411.