ಅಳಿದ ಸಿಹಿನೀರಿನ ಆಮೆಯ ಚಿಪ್ಪನ್ನು ಓದುವ ಕ್ರಮ: ಸ್ಟುಪೆಂಡೆಮಿಸ್ ಹೇಳಿಕೊಡುವ ಪಾಠ

ಆಮೆಯ ತಲೆಬುರುಡೆ ಮತ್ತು ಕಾಲಿನ ಮೂಳೆಗಳು ಸತ್ತ ಮೇಲೆ ಬೇಗ ಚದುರಿಹೋಗುತ್ತವೆ. ದಪ್ಪನೆಯ ಚಿಪ್ಪು ಮಾತ್ರ ಕೆಸರಿನಲ್ಲಿ ಹೂತು ಲಕ್ಷಾಂತರ ವರ್ಷ ಉಳಿಯಬಲ್ಲದು. ಹಾಗಾಗಿ ಅಳಿದ ಅನೇಕ ಆಮೆಗಳನ್ನು ನಾವು ಚಿಪ್ಪಿನಿಂದಲೇ ಗುರುತಿಸಬೇಕಾಗುತ್ತದೆ. ವೆನೆಜುವೆಲಾದ ಉರುಮಾಕೊ ಪ್ರದೇಶದಲ್ಲಿ ದೊರೆತ ಪಳೆಯುಳಿಕೆಗಳನ್ನು ಆಧರಿಸಿ ಪಳೆಯುಳಿಕೆ ತಜ್ಞ ರೋಜರ್ ವುಡ್ 1976ರಲ್ಲಿ ವಿವರಿಸಿದ ಸ್ಟುಪೆಂಡೆಮಿಸ್ ಜಿಯೊಗ್ರಾಫಿಕಸ್ ಅಂಥದೊಂದು ಆಮೆ. ಈಗ ಬರಡಾಗಿರುವ ಆ ನೆಲದಲ್ಲಿ ಮಯೋಸೀನ್ ಕಾಲದಲ್ಲಿ (ಸುಮಾರು 2.3 ಕೋಟಿಯಿಂದ 53 ಲಕ್ಷ ವರ್ಷಗಳ ಹಿಂದೆ) ನದಿಗಳೂ ವಿಶಾಲವಾದ ಜೌಗು ಪ್ರದೇಶಗಳೂ ಇದ್ದವು. ಸಂಗ್ರಹಾಲಯದಲ್ಲಾಗಲಿ ಬಯಲಿನಲ್ಲಾಗಲಿ ಇಂಥ ಚಿಪ್ಪಿನ ತುಂಡು ಕಣ್ಣಿಗೆ ಬಿದ್ದಾಗ ಏನನ್ನು, ಯಾವ ಕ್ರಮದಲ್ಲಿ ಗಮನಿಸಬೇಕೆಂಬುದನ್ನು ಈ ಆಮೆಯನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲು ಹೊರಮೈಯ ಗೆರೆಗಳನ್ನು ನೋಡಿರಿ. ಆಮೆಯ ಚಿಪ್ಪಿನಲ್ಲಿ ಎರಡು ಪದರಗಳಿರುತ್ತವೆ: ಒಳಗೆ ಒಂದಕ್ಕೊಂದು ಬೆಸೆದ ಮೂಳೆಯ ಫಲಕಗಳು, ಅವುಗಳ ಮೇಲೆ ಉಗುರಿನಂಥ ಕೆರಾಟಿನ್ ಹೊದಿಕೆ. ಹೊದಿಕೆ ಸಾಮಾನ್ಯವಾಗಿ ಕೊಳೆತುಹೋಗುತ್ತದೆ, ಆದರೆ ಅದರ ಅಂಚುಗಳು ಒತ್ತಿದ ಜಾಗದಲ್ಲಿ ಮೂಳೆಯ ಮೇಲೆ ನಯವಾದ ತೋಡುಗಳು ಉಳಿಯುತ್ತವೆ. ಮೂಳೆಗಳು ಕೂಡುವ ಸಂಧಿಯಾದರೋ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿರುತ್ತದೆ. ಈ ಎರಡು ಬಗೆಯ ಗೆರೆಗಳು ಬಹುಪಾಲು ಒಂದರ ಮೇಲೊಂದು ಬೀಳುವುದಿಲ್ಲ, ಚಿಪ್ಪಿನ ಗಟ್ಟಿತನಕ್ಕೆ ಅದೂ ಒಂದು ಕಾರಣ. ಇವನ್ನು ಬೇರ್ಪಡಿಸಿ ಗುರುತಿಸಲು ಬಾರದಿದ್ದರೆ ಮುಂದಿನ ಯಾವ ತೀರ್ಮಾನವೂ ನಿಲ್ಲುವುದಿಲ್ಲವಾದ್ದರಿಂದ, ಬೆಳಕನ್ನು ಓರೆಯಾಗಿ ಬೀಳಿಸಿ, ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ತೋಡುಗಳೇ ಇಲ್ಲದೆ ಮೇಲ್ಮೈ ತುಂಬ ಸಣ್ಣ ಕುಳಿಗಳಿದ್ದರೆ ಅದು ಮೆದುಚಿಪ್ಪಿನ ಆಮೆಯದಾಗಿರುವ ಸಂಭವ ಹೆಚ್ಚು. ಕೃಷ್ಣಾ, ತುಂಗಭದ್ರಾ ನದಿಗಳಲ್ಲಿ ಇಂದಿಗೂ ಬದುಕಿರುವ ಮೆದುಚಿಪ್ಪಿನ ಆಮೆಗಳ ಮೂಳೆಯೂ ಹೀಗೆಯೇ ಇರುತ್ತದೆ.

ಬಳಿಕ ತುಂಡನ್ನು ಮಗುಚಿ ಒಳಮೈಯನ್ನು ಪರೀಕ್ಷಿಸಿರಿ. ಬಹಳ ಜನ ಹೊರಮೈಯ ಅಂದದಲ್ಲೇ ನಿಂತುಬಿಡುತ್ತಾರೆ, ಆದರೆ ನನ್ನ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ ಇರುವುದು ಒಳಗಡೆ. ಕತ್ತನ್ನು ಪಕ್ಕಕ್ಕೆ ಮಡಚುವ ಆಮೆಗಳಲ್ಲಿ ಸೊಂಟದ ಮೂಳೆಗಳು ಮೇಲ್ಚಿಪ್ಪಿಗೂ ಕೆಳಚಿಪ್ಪಿಗೂ ಬೆಸೆದುಕೊಂಡಿರುತ್ತವೆ. ಮೂಳೆ ಮುರಿದುಹೋದರೂ ಅದು ಅಂಟಿದ್ದ ಗುರುತು ಚಿಪ್ಪಿನ ಹಿಂಭಾಗದಲ್ಲಿ ಉಳಿಯುತ್ತದೆ. ಕತ್ತನ್ನು ನೇರವಾಗಿ ಒಳಗೆ ಎಳೆದುಕೊಳ್ಳುವ ಆಮೆಗಳಲ್ಲಿ ಹೀಗಿರುವುದಿಲ್ಲ, ಮತ್ತು ಭಾರತದಲ್ಲಿ ಈಗ ಜೀವಿಸಿರುವ ಆಮೆಗಳೆಲ್ಲ ಈ ಎರಡನೆಯ ಗುಂಪಿಗೇ ಸೇರಿದವು. ಸ್ಟುಪೆಂಡೆಮಿಸ್ ಮೊದಲನೆಯ ಗುಂಪಿನದು, ಅಮೆಜಾನ್ ನದಿಯಲ್ಲಿ ಇಂದಿಗೂ ಇರುವ ದೊಡ್ಡತಲೆಯ ಆಮೆಯ ಹತ್ತಿರದ ಬಂಧು.

ಅಂಚುಗಳನ್ನು ನೋಡುವಾಗ ಒಂದು ಎಚ್ಚರಿಕೆ ಅಗತ್ಯ. ಒಂದೇ ಪ್ರಭೇದದ ಗಂಡು ಹೆಣ್ಣುಗಳ ಚಿಪ್ಪು ಬೇರೆ ಬೇರೆಯಾಗಿರಬಹುದು. ಎಡ್ವಿನ್ ಕಡೇನಾ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಟುಪೆಂಡೆಮಿಸ್‌ನ ಕೆಲವು ಮೇಲ್ಚಿಪ್ಪುಗಳಲ್ಲಿ ಕತ್ತಿನ ಎರಡೂ ಬದಿಗೆ ಮುಂದಕ್ಕೆ ಚಾಚಿದ ದಪ್ಪ ಕೊಂಬುಗಳಿವೆ, ಉಳಿದವುಗಳಲ್ಲಿ ಇಲ್ಲ. ಕೊಂಬುಳ್ಳವು ಗಂಡುಗಳೆಂದೂ, ಕಾದಾಟದಲ್ಲಿ ಆ ಕೊಂಬುಗಳು ಬಳಕೆಯಾಗುತ್ತಿದ್ದವೆಂದೂ ಅವರು ವಿವರಿಸಿದ್ದಾರೆ. ಆದ್ದರಿಂದ ಅಂಚಿನ ಆಕಾರ ಬೇರೆಯೆಂಬ ಒಂದೇ ಕಾರಣಕ್ಕೆ ಹೊಸ ಪ್ರಭೇದವೆಂದು ಘೋಷಿಸಲು ಆತುರಪಡಬಾರದು.

ಕಚ್ಚಿದ ಗುರುತುಗಳನ್ನೂ ಹುಡುಕಿರಿ. ಅದೇ ಅಧ್ಯಯನ ವಿವರಿಸಿದ ಪಳೆಯುಳಿಕೆಗಳಲ್ಲಿ ಹಲ್ಲು ನಾಟಿದ ಗುರುತುಗಳಿವೆ. ಪುರುಸಾರಸ್ ಎಂಬ ದೈತ್ಯ ಕೈಮನ್ ಮೊಸಳೆ ಅದೇ ನೀರಿನಲ್ಲಿತ್ತು. ಕುಳಿಯ ಅಂಚು ನುಣುಪಾಗಿ ಹೊಸ ಮೂಳೆ ಬೆಳೆದಿದ್ದರೆ ಆಮೆ ಆ ದಾಳಿಯಿಂದ ಬದುಕಿ ಉಳಿದಿತ್ತೆಂದು ತಿಳಿಯಬೇಕು.

ಅಳತೆಗೆ ಟೇಪನ್ನು ಬಾಗಿನ ಮೇಲೆ ಹಾಸದೆ, ಎರಡು ತುದಿಗಳ ನೇರ ಅಂತರವನ್ನು ತೆಗೆದುಕೊಳ್ಳಿರಿ, ದಪ್ಪವನ್ನು ಪ್ರತ್ಯೇಕವಾಗಿ ಬರೆದಿಡಿರಿ. ಸ್ಟುಪೆಂಡೆಮಿಸ್‌ನ ಅತಿ ದೊಡ್ಡ ಚಿಪ್ಪು ಸುಮಾರು 2.4 ಮೀಟರ್ ಉದ್ದವಿದ್ದು, ಅದರಿಂದ 1,145 ಕಿಲೋ ತೂಕವನ್ನು ಅಂದಾಜಿಸಲಾಗಿದೆ. ಉದ್ದ ಅಳೆದದ್ದು, ತೂಕ ಲೆಕ್ಕ ಹಾಕಿದ್ದು. ಟಿಪ್ಪಣಿಯಲ್ಲಿ ಇವೆರಡನ್ನು ಒಂದೇ ಸಾಲಿನಲ್ಲಿ ಬೆರೆಸಬೇಡಿರಿ.

ಬಯಲಿನಲ್ಲಿ ಸಿಕ್ಕ ತುಂಡನ್ನು ಅಲುಗಿಸುವ ಮೊದಲೇ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ, ಜಾಗವನ್ನೂ ಶಿಲಾಪದರವನ್ನೂ ಗುರುತಿಸಿರಿ, ಸಮೀಪದ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿರಿ. ಯಾವ ಪದರದಿಂದ ಬಂದಿತೆಂಬುದು ತಪ್ಪಿಹೋದರೆ ಅದರ ವಯಸ್ಸನ್ನು ನಿರ್ಧರಿಸಲು ಬಹುಮಟ್ಟಿಗೆ ದಾರಿಯೇ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಚಿತ್ರದಲ್ಲೂ ಟಿಪ್ಪಣಿಯಲ್ಲೂ ನಮೂದಿಸಬೇಕು.