ಡಿಕಾಕ್ಷನ್ ಇಳಿಯುವಷ್ಟರಲ್ಲಿ ಒಂದು ಚಿತ್ರ

ದಿನಾ ಚಿತ್ರ ಬರೆಯುವ ಅಭ್ಯಾಸ ನನಗೆ ಕೊನೆಗೂ ಹತ್ತಿದೆ. ಹೆಚ್ಚುಕಡಿಮೆ ಎರಡು ವರ್ಷ ಆಯಿತು. ತಿಂಗಳಲ್ಲಿ ಒಂದೆರಡು ದಿನ ತಪ್ಪಬಹುದು, ಅಷ್ಟೇ. "ಇಪ್ಪತ್ತು ನಿಮಿಷದಲ್ಲಿ ಏನ್ ಬರೆಯೋಕಾಗುತ್ತೆ? ಮೂಡ್ ಬೇಡ್ವಾ?" ಅಂತ ಜೊತೆಗೆ ಸ್ಕೆಚ್ ಮಾಡುವವರೇ ನಕ್ಕಿದ್ದರು. ನಮ್ಮತ್ತೆಯದು ಬೇರೆ ಚಿಂತೆ: "ಲೋಟದ ಚಿತ್ರ ಯಾರು ತಗೋತಾರಮ್ಮಾ?"

ಮೊದಲು ಸುರಿದ ದುಡ್ಡಿನ ಕಥೆ. ಸುಮಾರು 1,200 ರೂಪಾಯಿ ಕೊಟ್ಟು ಕಾಟನ್ ಪೇಪರಿನ ಸ್ಕೆಚ್‌ಬುಕ್ ತಂದೆ. ಒಳ್ಳೆಯ ಹಾಳೆ ಕೆಡುತ್ತದಲ್ಲ ಅಂತ ಕೈಯೇ ಓಡಲಿಲ್ಲ. ನಾಲ್ಕು ಪುಟ ತುಂಬಿ ಬೀರು ಸೇರಿತು. ಆಮೇಲೆ ಒಂದು ಆನ್‌ಲೈನ್ ಕೋರ್ಸ್. ಮೂರು ಸಾವಿರದ ಹತ್ತಿರ ಹೋಯಿತು. ದಿನಕ್ಕೊಂದು ವಿಷಯ ಕೊಡುತ್ತಿದ್ದರು. ಇವತ್ತು ಲೈಟ್‌ಹೌಸ್, ನಾಳೆ ಹಿಮ ಬಿದ್ದ ಗುಡಿಸಲು. ಬಸವನಗುಡಿಯಲ್ಲಿ ಕೂತು ಲೈಟ್‌ಹೌಸ್ ಎಲ್ಲಿಂದ ತರಲಿ? ಕೊನೆಗೆ ಬೆಳಿಗ್ಗೆ ಲಾಲ್‌ಬಾಗಿಗೆ ಹೋಗಿ ನೋಡಿದೆ. ಯಾವ ಮರ ಅಂತ ಆರಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು. ಚಿತ್ರಕಾರ ರುಮಾಲೆ ಚನ್ನಬಸವಯ್ಯನವರು ಈ ಊರಿನ ಗುಲ್‌ಮೊಹರ್‌ಗಳ ಮುಂದೆ ನಿಂತು ಬಣ್ಣ ಹಚ್ಚಿದವರು, ನಿಜ. ನಾನು ಎಂಟೂವರೆಗೆ ಆಫೀಸಿಗೆ ಹೊರಡಬೇಕು.

ಕೆಲಸಕ್ಕೆ ಬಂದದ್ದು ಕಾಫಿ ಫಿಲ್ಟರ್. ಪುಡಿ ಹಾಕಿ, ಬಿಸಿನೀರು ಸುರಿದು, ಮುಚ್ಚಳ ಮುಚ್ಚಿದರೆ ಡಿಕಾಕ್ಷನ್ ಇಳಿಯಲು ನಮ್ಮನೆಯಲ್ಲಿ ಹದಿನೈದು–ಇಪ್ಪತ್ತು ನಿಮಿಷ ಬೇಕು. ಆ ಹೊತ್ತಿನಲ್ಲಿ ಅಡುಗೆಕಟ್ಟೆ ಮೇಲೆ ಏನು ಬಿದ್ದಿದೆಯೋ ಅದೇ ಚಿತ್ರ. ಆರಿಸುವ ಹಾಗಿಲ್ಲ, ಸರಿಸಿ ಜೋಡಿಸುವ ಹಾಗೂ ಇಲ್ಲ. ಕುಕ್ಕರಿನ ವೆಯ್ಟ್, ಹಾಲಿನ ಪ್ಯಾಕೆಟ್, ಅರ್ಧ ಹೆಚ್ಚಿದ ಹೀರೇಕಾಯಿ, ಏನಾದರೂ ಸರಿ. ಡಿಕಾಕ್ಷನ್ ಇಳಿದರೆ ಮುಗಿಯಿತು. ಅರ್ಧ ಆಗಿದ್ದರೂ ಹಿಂದೆ ತಾರೀಖು ಹಾಕಿ ಡಬ್ಬಕ್ಕೆ. ಮಾರನೇ ದಿನ ತಿದ್ದುವಂತಿಲ್ಲ.

ಪೇಪರ್ ಲೆಕ್ಕ ಹೀಗೆ. 22x30 ಇಂಚಿನ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಫುಲ್ ಶೀಟ್ ತಂದು ಹದಿನಾರು ತುಂಡು ಮಾಡುತ್ತೇನೆ. ತುಂಡಿಗೆ ಹತ್ತು–ಹನ್ನೆರಡು ರೂಪಾಯಿ ಬೀಳುತ್ತದೆ. ಕೆಟ್ಟರೆ ಹೊಟ್ಟೆ ಉರಿಯಲ್ಲ. ಲಗ್ನಪತ್ರಿಕೆಗಳ ಹಿಂಬದಿಯನ್ನೂ ಬಿಡಲಿಲ್ಲ. ನುಣುಪಿನವು ನೀರು ಕುಡಿಯಲ್ಲ, ಬಣ್ಣ ಮೇಲೇ ತೇಲುತ್ತದೆ. ಪೆನ್ನಿಗೆ ಮಾತ್ರ ಬಹಳ ಚೆನ್ನ.

ಪೆನ್ಸಿಲ್ ಬಿಟ್ಟೆ, ರಬ್ಬರಿನ ಚಟ ಹೋಗಲಿ ಅಂತ. ಮಾಮೂಲಿ ಫೌಂಟನ್ ಪೆನ್, ನೀರಿಗೆ ಕರಗುವ ಕ್ಯಾಮ್ಲಿನ್ ಇಂಕ್. ಗೆರೆ ಎಳೆದು ಒದ್ದೆ ಬ್ರಷ್ ಆಡಿಸಿದರೆ ನೆರಳು ತಾನಾಗೇ ಹರಡುತ್ತದೆ. ಬಣ್ಣ ಮೂರೇ: ಅಲ್ಟ್ರಾಮರೀನ್ ಅನ್ನುವ ನೀಲಿ, ಬರ್ಂಟ್ ಸಿಯೆನ್ನ ಅನ್ನುವ ಕೆಂಗಂದು, ಯೆಲ್ಲೋ ಓಕರ್ ಅನ್ನುವ ಮಣ್ಣಿನ ಹಳದಿ. ಮೊದಲೆರಡನ್ನು ಬೆರೆಸಿದರೆ ಸ್ಟೀಲಿಗೆ ಬೇಕಾದ ಬೂದು ಬರುತ್ತದೆ. ಕಪ್ಪು ಟ್ಯೂಬ್ ಮುಟ್ಟಿ ತುಂಬಾ ದಿನ ಆಯಿತು.

ಅತಿ ಹೆಚ್ಚು ಕಾಡಿದ್ದು ಫಿಲ್ಟರೇ. ಮೇಲಿನ ಬಾಯಿ, ನಡುವಿನ ಕೂಡು, ಕೆಳಗಿನ ತಳ, ಮೂರೂ ಕಡೆ ಮೊಟ್ಟೆಯಾಕಾರದ ಗೆರೆ. ಕಣ್ಣಿಗಿಂತ ಕೆಳಗೆ ಹೋದಷ್ಟೂ ಅದು ಹೆಚ್ಚು ದುಂಡಗಾಗಬೇಕು. ಒಂದು ತಪ್ಪಿದರೂ ಫಿಲ್ಟರ್ ಮಗುಚುವಂತೆ ಕಾಣುತ್ತದೆ. ನಾಲ್ಕೈದು ತಿಂಗಳ ಮೇಲೆ ಕೈಗೆ ಹತ್ತಿತು. ಈಗ ಕಣ್ಣುಮುಚ್ಚಿ ಎಳೆಯುತ್ತೇನೆ ಅಂದರೆ ಜಂಬ ಅಂದುಕೊಳ್ಳಬೇಡಿ. ಸ್ಟೀಲಿನ ಹೊಳಪಿಗೆ ಬಿಳಿ ಬಣ್ಣ ಹಚ್ಚಲ್ಲ, ಪೇಪರನ್ನೇ ಬಿಡುತ್ತೇನೆ. ಎಲ್ಲಿ ಬಿಡಬೇಕು ಅನ್ನುವ ಲೆಕ್ಕ ಒಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಡಿಕಾಕ್ಷನ್ನಿನಲ್ಲೇ ಬಣ್ಣ ಹಚ್ಚುವ ಹುಚ್ಚು ಹಿಡಿದಿತ್ತು. ಒಣಗಿದ ಮೇಲೆ ಮತ್ತೊಂದು ಪದರ ಕೊಡುತ್ತಾ ಹೋದರೆ ಒಳ್ಳೆಯ ಕಂದು ಬರುತ್ತದೆ. ಅರಿಶಿನವೂ ಆಯಿತು. ಮೊದಲ ದಿನ ಭರ್ಜರಿ ಹಳದಿ. ಸುಣ್ಣದ ನೀರು ತಾಕಿಸಿದರೆ ಕೆಂಪು. ಕಿಟಕಿ ಪಕ್ಕ ಬಿಸಿಲಿಗೆ ಸಿಕ್ಕಿಸಿಟ್ಟೆ, ಕೆಲವೇ ವಾರಕ್ಕೆ ಚಿತ್ರದ ಬಾಳೆಹಣ್ಣುಗಳು ಬಿಳಿಚಿಕೊಂಡವು. ಮಾರುವ ಚಿತ್ರಕ್ಕೆ ಅರಿಶಿನ ಬೇಡವೇ ಬೇಡ.

ಮಳೆಗಾಲದಲ್ಲಿ ಪ್ಯಾಲೆಟ್ಟಿಗೆ ಬೂಷ್ಟು ಬಂತು. ಲವಂಗ ಹಾಕಿಟ್ಟೆ, ಪರಿಮಳ ಬಂತು, ಬೂಷ್ಟು ಹೋಗಲಿಲ್ಲ. ಈಗ ಒದ್ದೆಯಿದ್ದಾಗ ಮುಚ್ಚಲ್ಲ. ಒಲೆಯ ಪಕ್ಕ ತೆರೆದಿಟ್ಟರೆ ಸಂಜೆಗೆ ಒಣಗಿರುತ್ತದೆ.

ಮನೆಯ ಲೋಟ ಕೈ ಪಳಗಿಸಿದ್ದು ಗೊತ್ತಾದದ್ದು ಹೊರಗೆ ಹೋದಾಗ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಪೆನ್ನು ಹಿಡಿದು ಹೋದೆ. ಜನ ಒಂದು ಕ್ಷಣ ನಿಲ್ಲಲ್ಲ. ಆದರೂ ಕಡಲೆಕಾಯಿ ರಾಶಿ, ಅಳೆಯುವ ಸೇರು, ಮಾರುವವಳ ಬಗ್ಗಿದ ಬೆನ್ನು ಮೂರೂ ಒಂದೇ ಹಾಳೆಯಲ್ಲಿ ಕೂತವು. ಮೊದಲಾಗಿದ್ದರೆ ರಾಶಿಯ ಒಂದೊಂದೇ ಕಾಯಿ ಬರೆಯುತ್ತಾ ಕೂರುತ್ತಿದ್ದೆ.

ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಗೆಳತಿಯೊಬ್ಬಳು ಹಾಕಿದ್ದ ಸ್ಟಾಲಿನ ಮೂಲೆಯಲ್ಲಿ ನನ್ನ ತುಂಡುಗಳನ್ನಿಟ್ಟೆ. ಒಂದಕ್ಕೆ 250. ಲಾಲ್‌ಬಾಗಿನ ದೊಡ್ಡ ಚಿತ್ರಗಳನ್ನು ಯಾರೂ ಮುಟ್ಟಲಿಲ್ಲ. ಲೋಟ, ಫಿಲ್ಟರ್, ಈಳಿಗೆಮಣೆ ಮಧ್ಯಾಹ್ನದೊಳಗೆ ಖಾಲಿ. ಏಳೆಂಟು ಸಾವಿರ ಕೈಗೆ ಬಂತು. ಕೋರ್ಸಿನ ದುಡ್ಡು, ಸ್ಕೆಚ್‌ಬುಕ್ಕಿನ ದುಡ್ಡು ಎರಡೂ ವಸೂಲಿ. ಈಗ ಅತ್ತೆಯೇ ಬೆಳಿಗ್ಗೆ, "ಇವತ್ತು ಒಗ್ಗರಣೆ ಸೌಟು ಬರಿ, ಹೊರಗೇ ಇದೆ" ಅನ್ನುತ್ತಾರೆ. ಹೊರಗಿಟ್ಟವರು ಯಾರು ಅಂತ ನಾನು ಕೇಳಲು ಹೋಗಲ್ಲ.

ಇನ್ನೂ ಬಗ್ಗದೇ ಇರುವುದು ಇಡ್ಲಿ. ಬಿಳಿ ಪಿಂಗಾಣಿ ತಟ್ಟೆ, ಬಿಳಿ ಇಡ್ಲಿ, ಬಿಳಿ ಚಟ್ನಿ. ನೆರಳು ಜಾಸ್ತಿಯಾದರೆ ಹಳಸಿದಂತೆ ಕಾಣುತ್ತದೆ, ಕಮ್ಮಿಯಾದರೆ ತಟ್ಟೆ ಖಾಲಿ. ಓಕರ್ ತೆಳ್ಳಗೆ ಹಚ್ಚಿ ನೋಡಿದೆ, ರವೆ ಇಡ್ಲಿ ಆಯಿತು. ನಿಮಗೆ ಯಾರಿಗಾದರೂ ಸರಿಯಾಗಿ ಬಂದಿದ್ದರೆ ಹೇಳಿ. ಬದಲಿಗೆ ಸ್ಟೀಲಿನ ಗುಟ್ಟು ಬಿಟ್ಟುಕೊಡುತ್ತೇನೆ.