ಪತಿಯ ನಂತರ ಪತ್ನಿಗೆ ಕುಟುಂಬ ಪಿಂಚಣಿ: ಪಡೆಯುವ ಕ್ರಮ

ಕೇಂದ್ರ ಸರ್ಕಾರದ ಪಿಂಚಣಿದಾರರು ತೀರಿಕೊಂಡ ಮರುದಿನದಿಂದಲೇ ಅವರ ಪತ್ನಿ ಕುಟುಂಬ ಪಿಂಚಣಿಗೆ ಅರ್ಹರಾಗುತ್ತಾರೆ. ಬೆಂಗಳೂರಿನಲ್ಲಿ ಅಂಚೆ, ರೈಲ್ವೆ, ಇಸ್ರೊ ಮೊದಲಾದೆಡೆ 2004ಕ್ಕೂ ಮೊದಲು ಕೆಲಸಕ್ಕೆ ಸೇರಿ ನಿವೃತ್ತರಾದವರ ಕುಟುಂಬಗಳಿಗೆ ಈ ಮಾಹಿತಿ ಅನ್ವಯಿಸುತ್ತದೆ. ಎಚ್‌ಎಎಲ್, ಬಿಇಎಲ್‌ನಂತಹ ಉದ್ದಿಮೆಗಳ ನಿವೃತ್ತರದು ಭವಿಷ್ಯನಿಧಿಯ ಪಿಂಚಣಿ. ಅದರ ನಿಯಮಗಳೇ ಬೇರೆ.

ಮೊದಲು ಮರಣ ಪ್ರಮಾಣಪತ್ರ. ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಾದರೆ ಅವರೇ ಮಾಹಿತಿ ಕಳುಹಿಸುತ್ತಾರೆ, ಮನೆಯಲ್ಲಾದರೆ ಮನೆಯವರೇ ತಿಳಿಸಬೇಕು.

ಬಳಿಕ ಪಿಂಚಣಿ ಪಾವತಿ ಆದೇಶವನ್ನು, ಅಂದರೆ ಪಿಪಿಒವನ್ನು, ತೆಗೆದು ಪತ್ನಿಯ ಹೆಸರು ಮತ್ತು ಜನ್ಮದಿನಾಂಕವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ತೊಡಕು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಪಿಪಿಒದಲ್ಲಿ ‘ಸರೋಜಮ್ಮ’ ಎಂದಿದ್ದು, ಆಧಾರ್‌ನಲ್ಲಿ ‘ಸರೋಜಾ ಕೆ.’ ಎಂದಿದ್ದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಡನ ಇನಿಷಿಯಲ್ ಸೇರಿಕೊಂಡಿದ್ದರೆ, ಮೂರೂ ಒಬ್ಬರದೇ ಎಂದು ಸಾಬೀತುಪಡಿಸುವ ಹೊರೆ ದುಃಖದಲ್ಲಿರುವ ಹೆಂಗಸಿನ ಮೇಲೆ ಬೀಳುತ್ತದೆ. ಆದ್ದರಿಂದ ಪತಿ ಬದುಕಿರುವಾಗಲೇ ಅವರು ನಿವೃತ್ತರಾದ ಕಚೇರಿಯ ಮೂಲಕ ಇದನ್ನು ತಿದ್ದಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಪತ್ನಿಯ ಹೆಸರೇ ಇಲ್ಲದಿದ್ದರೂ ಹೋಗಬೇಕಾದದ್ದು ಅದೇ ಕಚೇರಿಗೆ.

ಹೆಸರು ಸರಿಯಿದ್ದರೆ ಪಿಂಚಣಿ ಬರುತ್ತಿದ್ದ ಬ್ಯಾಂಕ್ ಶಾಖೆಗೆ ಅರ್ಜಿಯೊಂದಿಗೆ ಮರಣ ಪ್ರಮಾಣಪತ್ರ, ಪಿಪಿಒ ಪ್ರತಿ, ಗುರುತು ಹಾಗೂ ವಯಸ್ಸಿನ ದಾಖಲೆ ಮತ್ತು ಹೆಚ್ಚುವರಿಯಾಗಿ ಜಮೆಯಾದ ಹಣವನ್ನು ಹಿಂದಿರುಗಿಸುವ ಮುಚ್ಚಳಿಕೆಯನ್ನು ಕೊಟ್ಟು, ಸ್ವೀಕೃತಿ ಪಡೆಯಬೇಕು. ದಂಪತಿಯ ಜಂಟಿ ಖಾತೆಗೇ ಪಿಂಚಣಿ ಬರುತ್ತಿದ್ದರೆ ಹೊಸ ಖಾತೆ ತೆರೆಯಬೇಕಿಲ್ಲ. ಸಾವಿನ ನಂತರದ ದಿನಗಳಿಗೆ ಜಮೆಯಾದ ಪತಿಯ ಪಿಂಚಣಿಯನ್ನು ಮಾತ್ರ ಬಳಸಬೇಡಿ. ಅದನ್ನು ಬ್ಯಾಂಕ್ ವಸೂಲು ಮಾಡುತ್ತದೆ.

ಮೊತ್ತ ಸಾಮಾನ್ಯವಾಗಿ ಕೊನೆಯ ಮೂಲವೇತನದ ಶೇ 30. ಕನಿಷ್ಠ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಪತಿ 67 ತುಂಬುವ ಮೊದಲೇ ತೀರಿಕೊಂಡಿದ್ದರೆ, ಏಳು ವರ್ಷ ಅಥವಾ ಅವರಿಗೆ 67 ಆಗಬೇಕಿದ್ದ ದಿನ, ಇವೆರಡರಲ್ಲಿ ಮೊದಲು ಬರುವುದರವರೆಗೆ ಶೇ 50ರ ದರ ಸಿಗುತ್ತದೆ. ಆದರೆ ಅದು ಅವರಿಗೆ ನಿವೃತ್ತಿಯಲ್ಲಿ ಮಂಜೂರಾದ ಪಿಂಚಣಿಯನ್ನು ಮೀರದು. ಪತ್ನಿಗೆ 80 ತುಂಬಿದಾಗ ಮೂಲ ಕುಟುಂಬ ಪಿಂಚಣಿಗೆ ಶೇ 20 ಸೇರಬೇಕು; ಪಿಪಿಒದಲ್ಲಿ ಜನ್ಮದಿನಾಂಕ ತಪ್ಪಿದ್ದರೆ ಈ ಹೆಚ್ಚಳ ತಪ್ಪಿಹೋಗಬಹುದು. ಆಕೆಯೂ ಸ್ವಂತ ನೌಕರಿಯ ಪಿಂಚಣಿ ಪಡೆಯುತ್ತಿದ್ದರೆ ಎರಡನ್ನೂ ಪಡೆಯಬಹುದು.

ಮಂಜೂರಾದ ಮೇಲೆ ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಬೆರಳಚ್ಚು ಮೂಡದ ಹಿರಿಯರು ಮೊಬೈಲಿನಲ್ಲಿ ಮುಖ ತೋರಿಸಿ ‘ಜೀವನ್ ಪ್ರಮಾಣ್’ ಸಲ್ಲಿಸಬಹುದು. ಅಲ್ಪ ಶುಲ್ಕಕ್ಕೆ ಅಂಚೆಯವರು ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ.